ಎರಡನೇ ಬೆಹಾಗ್

ಮಗು ಹುಟ್ಟಿ ಹದಿನಾರು ದಿನವಾಗಿದ್ದರೂ ಇನ್ನೂ ಹೆಸರಿಟ್ಟಿರಲಿಲ್ಲ. ನೋಡಲು ಬಂದವರು ಅದರ ಪುಟ್ಟ ಮುಷ್ಟಿ ಬಿಡಿಸಿ ಬೆಳ್ಳಿ ನಾಣ್ಯ ಇಟ್ಟು, ಕೆನ್ನೆ ಸವರಿ, ಆಮೇಲೆ ನನ್ನ ಕಡೆ ತಿರುಗಿ ನಗುತ್ತಿದ್ದರು. ಹೆಸರೇನು ಎಂದು ಯಾರೂ ಕೇಳಲಿಲ್ಲ. ಕೇಳುವುದಕ್ಕೇನಿದೆ? ಉತ್ತರದ ತಣ್ಣನೆ ಕಡಲಿನ ನಮ್ಮ ದ್ವೀಪದಲ್ಲಿ ಮೊದಲ ಹೆಣ್ಣುಮಗುವಿಗೆ ತಾಯಿಯ ತಾಯಿಯ ಹೆಸರು, ಎರಡನೆಯದಕ್ಕೆ ತಂದೆಯ ತಾಯಿಯ ಹೆಸರು. ತಾಯಿಯ ತಾಯಿ ಎಂದರೆ ನಾನು. ನನ್ನ ಹೆಸರು ಬೆಹಾಗ್. ಅಜ್ಜಿಗೆ ಹಿಗ್ಗೋ ಹಿಗ್ಗು ಎಂದು ಹೇಳಿ, ಚಹಾ ಕುಡಿದು, ಲೋಟಗಳನ್ನು ನನಗೆ ತೊಳೆಯಲು ಬಿಟ್ಟು ಹೋಗುತ್ತಿದ್ದರು. ಅಜ್ಜಿಗೆ ಹಿಗ್ಗೇನೂ ಇರಲಿಲ್ಲ. ಅಜ್ಜಿಗೆ ಸಾಕಾಗಿಹೋಗಿತ್ತು.

ನಲವತ್ತು ವರ್ಷ ಮಗ್ಗ ತುಳಿದ ಮೊಣಕಾಲು ನನ್ನವು. ಮಗಳ ಬಾಣಂತನಕ್ಕೆಂದು ಅರ್ಧ ನೇಯ್ದ ಉಣ್ಣೆಬಟ್ಟೆಯನ್ನು ಮಗ್ಗದ ಮೇಲೆಯೇ ಬಿಟ್ಟು, ಹನ್ನೆರಡು ಮೈಲಿ ಆಚೆಯ ಅವಳ ಮನೆಗೆ ಬಂದು ಕೂತಿದ್ದೆ. ಬಟ್ಟೆ ಒಗೆಯುವುದು, ಒಲೆ ನೋಡಿಕೊಳ್ಳುವುದು ನನಗೆ ಹೊಸದಲ್ಲ, ಅದರಿಂದ ದಣಿಯುವ ಹೆಂಗಸೂ ನಾನಲ್ಲ. ದಣಿಸಿದ್ದು ಆ ಹೆಸರು. ಅರವತ್ತೈದು ವರ್ಷ ಅದನ್ನು ಹೊತ್ತು ಓಡಾಡಿದ್ದೇನೆ. ಈಗ ಅದನ್ನು ಇಳಿಸಿ ಒಂದು ಹಸುಗೂಸಿನ ತಲೆಯ ಮೇಲಿಡಲಿ ಎಂದು ಊರೆಲ್ಲ ಕಾಯುತ್ತಿತ್ತು.

ಇದು ನನ್ನ ಮಗಳು ಡೋಲಿನಾಳ ಮೊದಲ ಮಗುವಲ್ಲ. ಎರಡು ವರ್ಷದ ಹಿಂದೆ ಒಂದು ಹೆಣ್ಣು ಹುಟ್ಟಿತ್ತು. ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ಅದಕ್ಕೆ ಬೆಹಾಗ್ ಎಂದು ಹೆಸರಿಟ್ಟರು. ನಾಲ್ಕು ದಿನ ಬದುಕಿತು. ಅಳಿಯ ಟಾರ್ಮೋಡ್ ಆ ಪುಟ್ಟ ಪೆಟ್ಟಿಗೆಯನ್ನು ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಡಲಂಚಿನ ಸ್ಮಶಾನಕ್ಕೆ ಹೋದ. ಹಿಂದೆ ಗಂಡಸರು ಹೋದರು. ಮಣ್ಣು ಮಾಡುವಲ್ಲಿಗೆ ನಮ್ಮಲ್ಲಿ ಹೆಂಗಸರು ಹೋಗುವುದಿಲ್ಲ. ರಸ್ತೆಯ ತುದಿಯವರೆಗೆ ಬಂದು ನಿಂತು, ಗಂಡಸರ ಬೆನ್ನು ಕಾಣದಾದ ಮೇಲೆ ಮನೆಗೆ ಮರಳಿ ಚಹಾಕ್ಕೆ ನೀರಿಡುತ್ತೇವೆ. ಆಸ್ಪತ್ರೆಯಲ್ಲಿ ಮಲಗಿದ್ದ ಡೋಲಿನಾಳಿಗೆ ಅಷ್ಟೂ ಆಗಲಿಲ್ಲ. ಆಮೇಲೂ ಅವಳು ಸ್ಮಶಾನದ ಕಡೆ ಮುಖ ಹಾಕಲಿಲ್ಲ. ಕಲ್ಲಿನ ಮೇಲೆ ಏನು ಕೆತ್ತಲಿ ಎಂದು ಕಲ್ಲುಕುಟಿಗ ಎರಡು ಸಲ ಪತ್ರ ಬರೆದ. ಎರಡೂ ಪತ್ರ ಅಡುಗೆಮನೆಯ ಗಡಿಯಾರದ ಹಿಂದೆ ಹಾಗೇ ಇದ್ದವು.

ಹೆಸರು ಹೊತ್ತ ಕೂಸು ಹೋದರೆ, ಹೆಸರನ್ನು ಬಿದ್ದಲ್ಲೇ ಬಿಡುವುದು ನಮ್ಮ ಹಳಬರಿಗೆ ಒಗ್ಗುತ್ತಿರಲಿಲ್ಲ. ಮುಂದೆ ಹುಟ್ಟಿದ ಕೂಸಿಗೆ ಅದನ್ನೇ ಎತ್ತಿ ಕೊಡುತ್ತಿದ್ದರು. ಸತ್ತ ಮಗುವಿಗೂ ಮರ್ಯಾದೆ, ಅಜ್ಜಿಗೂ ಮರ್ಯಾದೆ. ಆದ್ದರಿಂದ ಈ ಎರಡನೆಯದೂ ಬೆಹಾಗ್ ಆಗುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಇಪ್ಪತ್ತೊಂದು ದಿನದೊಳಗೆ ಪಟ್ಟಣದ ಕಚೇರಿಯಲ್ಲಿ ಬರೆಸಬೇಕಿತ್ತು. ಡೋಲಿನಾ ಇವತ್ತು ಬೇಡ, ನಾಳೆ ನೋಡೋಣ ಎಂದು ದಿನ ತಳ್ಳುತ್ತಿದ್ದಳು. ನಾನೂ ಬಾಯಿ ಬಿಡಲಿಲ್ಲ. ಹೆಸರು ಕೊಡಲಾರೆ ಎಂದರೆ ಅಜ್ಜಿಯೇ ಮೊಮ್ಮಗಳ ಮುಖಕ್ಕೆ ಬಾಗಿಲು ಹಾಕಿದಳು ಎನ್ನುತ್ತಾರೆ. ಕೊಡುತ್ತೇನೆ ಎನ್ನಲು ನಾಲಿಗೆ ಏಳುತ್ತಿರಲಿಲ್ಲ.

ಹದಿನೇಳನೆಯ ದಿನ ಬೀಗಿತ್ತಿ ಮರ್ಡೀನಾ ಬಂದಳು, ಅಂದರೆ ಟಾರ್ಮೋಡ್‌ನ ತಾಯಿ. ಗಂಡು ಹುಟ್ಟುತ್ತದೆಂದು ಕಾದು, ಹೆಣ್ಣು ಹುಟ್ಟಿದಾಗ ತಾತ ಮರ್ಡೋನ ಹೆಸರಿಗೇ ಒಂದು ಬಾಲ ಅಂಟಿಸಿ ಅವಳಿಗೆ ಇಟ್ಟದ್ದು. ನಗುವ ಹಕ್ಕು ನನಗಿಲ್ಲ, ನಾನೂ ಅದೇ ಮಾಡಿದವಳು. ಮಗಳು ಹುಟ್ಟಿದ ವರ್ಷ ಮಾವ ಡೊನಾಲ್ಡ್ ದೋಣಿಯೊಂದಿಗೆ ಮುಳುಗಿದ್ದ, ಹಾಗಾಗಿ ಅವನ ಹೆಸರನ್ನೇ ಹೆಣ್ಣಾಗಿಸಿ ಅವಳಿಗೆ ಡೋಲಿನಾ ಎಂದು ಇಟ್ಟೆವು. ನಮ್ಮಲ್ಲಿ ಸತ್ತವರಿಗಿರುವಷ್ಟು ಹಟ ಬದುಕಿದವರಿಗಿಲ್ಲ.

ಮರ್ಡೀನಾ ಮನೆಯಲ್ಲೇ ಮಾಡಿದ ಮರಗ್ ತಂದಿದ್ದಳು, ಕುರಿಯ ರಕ್ತ ಓಟ್ಸ್ ಕಲಸಿದ್ದು. ಬಾಣಂತಿಗೆ ರಕ್ತ ತುಂಬುತ್ತದೆ ಎಂದಳು. ಚಹಾ ಮುಗಿಯುವವರೆಗೆ ಕುರಿಗಳ ಮಾತು, ಹವೆಯ ಮಾತು. ಆಮೇಲೆ ಲೋಟ ಕೆಳಗಿಟ್ಟಳು.

"ನೋಡಿ ಬೆಹಾಗ್, ಆಸೆಪಟ್ಟು ಹೇಳ್ತಿಲ್ಲ ನಾನು. ನಿಮ್ಮ ಸರದಿ ಆ ಮಗೂಗೆ ಆಗೋಯ್ತು ಅನ್ನೋದಾದ್ರೆ ಈಗಿನ ಸರದಿ ನಂದು. ಹೆಸರು ಎತ್ತಬೇಕು ಅನ್ನೋದಾದ್ರೆ ನಿಮ್ದು. ಎರಡರಲ್ಲಿ ಒಂದು ಹೇಳಿಬಿಡಿ."

"ಮರ್ಡೀನಾ ಅಂತ ಇಟ್ರೆ ಶಾಲೇಲಿ ಮಕ್ಕಳು ಇವಳನ್ನ ಬದುಕೋಕೆ ಬಿಡ್ತಾರಾ?"

"ನಾನು ಬದುಕಿಲ್ವಾ? ಅರವತ್ತೆಂಟಾಯ್ತು."

ಇಬ್ಬರೂ ನಕ್ಕೆವು. ಆದರೆ ಅವಳು ಹೊರಡುವಾಗ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ನನ್ನ ಕಣ್ಣು ತಪ್ಪಿಸಿ ಬಾಗಿಲ ಕಡೆ ನೋಡಿದ್ದು ನನಗೆ ಗೊತ್ತಾಯಿತು. ಅವಳಿಗೂ ಆಸೆ ಇತ್ತು ಪಾಪ. ಇಷ್ಟು ವರ್ಷ ಎಲ್ಲರ ತಮಾಷೆಗೆ ಸಿಕ್ಕ ಹೆಸರನ್ನು ಒಂದು ಕೂಸಾದರೂ ಪ್ರೀತಿಯಿಂದ ಹೊರಲಿ ಎಂದು.

ಸುಳ್ಳು ಹೇಳಲಾರೆ, ಆಸೆ ನನಗೂ ಇತ್ತು. ನಾನು ಶಾಲೆಗೆ ಸೇರಿದಾಗ ಒಂದೇ ಕೊಠಡಿಯಲ್ಲಿ ಐದು ಜನ ಬೆಹಾಗ್‌ಗಳಿದ್ದೆವು. ಇಂಗ್ಲಿಷ್ ಮೇಷ್ಟ್ರು ನಮ್ಮನ್ನೆಲ್ಲ ಪುಸ್ತಕದಲ್ಲಿ ರೆಬೆಕ್ಕಾ ಎಂದು ಬರೆದುಕೊಂಡು, ಕರೆದಾಗ ಯಾರೂ ಏಳದಿದ್ದರೆ ರೇಗುತ್ತಿದ್ದರು. ಮನೆಯಲ್ಲಿ, ಬೀದಿಯಲ್ಲಿ ಅಪ್ಪನ ಹೆಸರು, ತಾತನ ಹೆಸರು ಸೇರಿಸಿ ಕರೆದರೆ ಮಾತ್ರ ಯಾರವಳು ಯಾರು ಎಂದು ತಿಳಿಯುತ್ತಿತ್ತು. ಈಗ ಪಶ್ಚಿಮದ ಊರುಗಳಲ್ಲೆಲ್ಲ ಸೇರಿ ನಾವು ಮೂರು ಜನ ಉಳಿದಿದ್ದೇವೆ. ಎಲ್ಲರಿಗಿಂತ ಚಿಕ್ಕವಳಿಗೆ ಅರವತ್ತೊಂದು. ಟಾರ್ಮೋಡ್ ಪಟ್ಟಣದಿಂದ ಹೆಸರುಗಳ ಪುಸ್ತಕವೊಂದನ್ನು ತಂದಿಟ್ಟಿದ್ದ. ಅದರಲ್ಲಿ ನನ್ನ ಹೆಸರಿಗೆ ಒಂದೇ ಸಾಲು: ಜೀವ ಎಂದು ಅರ್ಥ, ಈಗ ಬಳಕೆ ಕಡಿಮೆ. ನನ್ನ ಬಗ್ಗೆಯೇ ಬರೆದ ಹಾಗಿತ್ತು.

ಈಗ ಬಳಕೆಯಲ್ಲಿರುವುದು ಏಲಿ. ಪ್ರತಿ ವರ್ಷ ಪತ್ರಿಕೆಯಲ್ಲಿ ಹುಟ್ಟಿದ ಮಕ್ಕಳ ಹೆಸರಿನ ಪಟ್ಟಿ ಬರುತ್ತದೆ, ಅದರಲ್ಲಿ ನಮ್ಮ ಭಾಷೆಯ ಹೆಣ್ಣುಹೆಸರು ಯಾವುದಾದರೂ ಮೇಲೆ ಕಂಡರೆ ಅದು ಏಲಿಯೇ. ಅಂಗಡಿಯಲ್ಲಿ ಒಬ್ಬ ತಾಯಿ ಕೂಗಿದರೆ ನಾಲ್ಕು ಏಲಿಗಳು ತಿರುಗುತ್ತವೆ. ಸೂರ್ಯ ಎಂದು ಅರ್ಥವಂತೆ. ಜುಲೈನಲ್ಲೂ ಸ್ವೆಟರ್ ಬಿಚ್ಚದ ಊರಲ್ಲಿ ಇಷ್ಟೊಂದು ಸೂರ್ಯರು ಏಕೆ ಎಂದು ನಾನು ಹಿಂದೆ ಎಷ್ಟೋ ಸಲ ಆಡಿಕೊಂಡಿದ್ದೆ. ಅಜ್ಜಿಯರನ್ನು ಮರೆತು ಪಟ್ಟಿ ನೋಡಿ ಹೆಸರಿಡುವವರು ಎಂದು ಮೂಗು ಮುರಿದಿದ್ದೆ.

ಹೀಗೆ ಆಸೆ ಒಂದು ಕಡೆ, ಭಯ ಒಂದು ಕಡೆ ಇಟ್ಟುಕೊಂಡು ನಾನು ಸುಮ್ಮನಿದ್ದೆ. ಆ ಭಯ ಏನೆಂದು ಹೇಳಬೇಕಾದರೆ ನನ್ನ ಅಕ್ಕನಿಂದ ಶುರು ಮಾಡಬೇಕು.

ನನಗಿಂತ ಮೊದಲು ನನ್ನ ಅಮ್ಮನಿಗೆ ಒಬ್ಬ ಬೆಹಾಗ್ ಇದ್ದಳು. ಎರಡೂವರೆ ವರ್ಷದವಳಿದ್ದಾಗ ನಾಯಿಕೆಮ್ಮಿನಲ್ಲಿ ಹೋದಳು. ಹನ್ನೊಂದು ತಿಂಗಳ ನಂತರ ನಾನು ಹುಟ್ಟಿದೆ, ಹೆಸರು ಎತ್ತಿದರು. ಅಮ್ಮ ನನ್ನನ್ನು ಹೊಡೆದವಳಲ್ಲ, ಉಪವಾಸ ಕೆಡವಿದವಳಲ್ಲ. ಆದರೆ ಬೆಹಾಗ್ ಎಂದು ಕರೆದಾಗಲೆಲ್ಲ ಅವಳ ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು. ನಾನು ಅವಳ ಕಾಲ ಬಳಿಯೇ ಕೂತಿದ್ದರೂ ಸರಿ. ಮೊದಲು ಬಾಗಿಲು, ಆಮೇಲೆ ನಾನು. ಎಲ್ಲ ಅಮ್ಮಂದಿರೂ ಹಾಗೇ ಕರೆಯುತ್ತಾರೆ ಎಂದು ಬಹಳ ದಿನ ತಿಳಿದಿದ್ದೆ.

ಆರು ವರ್ಷದವಳಿದ್ದಾಗ ಅಪ್ಪನ ಜೊತೆ ತಪ್ಪಿಸಿಕೊಂಡ ಕುರಿ ಹುಡುಕುತ್ತಾ ಸ್ಮಶಾನದ ಗೋಡೆಯ ಬಳಿ ಹೋದೆ. ಆಗಷ್ಟೇ ಓದಲು ಕಲಿತಿದ್ದೆ, ಕಂಡದ್ದನ್ನೆಲ್ಲ ಓದುವ ಹುಚ್ಚು. ಒಂದು ಸಣ್ಣ ಕಲ್ಲಿನ ಮೇಲೆ ನನ್ನ ಹೆಸರಿತ್ತು. ಕೆಳಗೆ ಅಪ್ಪನ ಹೆಸರು, ನಮ್ಮ ಮನೆಯ ಸಂಖ್ಯೆ. ನಾನು ಸತ್ತುಹೋಗಿದ್ದೇನಾ ಎಂದು ಅಪ್ಪನನ್ನು ಕೇಳಿದೆ. ಅಪ್ಪ ಬಹಳ ಹೊತ್ತು ಕುರಿ ಹುಡುಕುವವನಂತೆ ದೂರ ನೋಡಿ, ಜೇಬಿನಿಂದ ಪೆಪ್ಪರ್‌ಮೆಂಟ್ ತೆಗೆದು ಕೊಟ್ಟು, ಅದು ನಿನ್ನ ಅಕ್ಕ ಎಂದ. ಅಮ್ಮನಿಗೆ ಹೇಳಬೇಡ ಎಂದೂ ಹೇಳಿದ. ಅವಳು ಆ ಕಲ್ಲನ್ನು ನೋಡಿರಲೇ ಇಲ್ಲ. ಸಾಯುವವರೆಗೂ ನೋಡಲಿಲ್ಲ. ಅವಳ ಪಾಲಿಗೆ ಮಗಳು ರಸ್ತೆಯ ತುದಿಯಲ್ಲಿ ಗಂಡಸರ ಬೆನ್ನ ಹಿಂದೆ ಮರೆಯಾಗಿದ್ದಳು, ಅಷ್ಟೇ. ಮರೆಯಾದವರು ಬರಬಹುದಲ್ಲ.

ಇದನ್ನೆಲ್ಲ ನಾನು ಡೋಲಿನಾಳಿಗೆ ಹೇಳಿರಲಿಲ್ಲ. ಅಕ್ಕ ಒಬ್ಬಳಿದ್ದಳು, ಹೋದಳು ಎಂದಷ್ಟೇ ಅವಳಿಗೆ ಗೊತ್ತು.

ಹದಿನೆಂಟನೆಯ ದಿನ ಬೆಳಿಗ್ಗೆ ಒಗೆದ ಬಟ್ಟೆ ಹರವಿ ಖಾಲಿ ಬುಟ್ಟಿ ಹಿಡಿದು ಒಳಗೆ ಬಂದೆ. ಡೋಲಿನಾ ಮಲಗುವ ಕೋಣೆಯಲ್ಲಿ ಮಗುವಿಗೆ ಹಾಲೂಡಿಸುತ್ತಿದ್ದಳು. ಕೋಣೆಯ ಬಾಗಿಲು ತೆರೆದಿತ್ತು. ಮಗುವನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತಾ ಅವಳು ಮೆಲ್ಲಗೆ ಬೆಹಾಗ್ ಎಂದಳು. ಹಾಗೆ ಹೇಳಿ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ನಾನು ನಿಂತಿದ್ದೆ. ನನ್ನದೂ ಅದೇ ಹೆಸರು, ನನ್ನನ್ನೇ ಕರೆದಳೋ ಎಂದು ಒಂದು ಗಳಿಗೆ ಅನ್ನಿಸಿತು. ಇಲ್ಲ. ಅವಳ ಕಣ್ಣು ನನ್ನನ್ನು ದಾಟಿ ಹಿಂದೆ ಹೋಗಿ, ಯಾರೂ ಕಾಣದೆ ವಾಪಸು ಬಂತು. ಆ ನೋಟ ನನಗೆ ಗೊತ್ತಿತ್ತು. ಅದರ ಕೆಳಗೇ ನಾನು ಬೆಳೆದವಳು.

ಬುಟ್ಟಿ ಕೆಳಗಿಟ್ಟು ಹಾಸಿಗೆಯ ಅಂಚಿನಲ್ಲಿ ಕೂತೆ. ಅಮ್ಮನ ವಿಷಯ, ಕಲ್ಲಿನ ವಿಷಯ, ಪೆಪ್ಪರ್‌ಮೆಂಟಿನ ವಿಷಯ ಎಲ್ಲ ಹೇಳಿದೆ. ಡೋಲಿನಾ ಮಗುವಿನ ಬೆನ್ನು ತಟ್ಟುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಕೊನೆಯ ಒಂದು ಮಾತು ಉಳಿದಿತ್ತು. ಅದನ್ನು ನಾನು ನನ್ನ ಗಂಡನಿಗೂ ಹೇಳಿರಲಿಲ್ಲ.

"ನಿಮ್ಮಜ್ಜಿ ಹೋಗೋ ದಿನ ನಾನು ಪಕ್ಕದಲ್ಲೇ ಇದ್ದೆ. ಒಂಬತ್ತು ವಾರ ಒಬ್ಬಳೇ ನೋಡ್ಕೊಂಡಿದ್ದೆ. ಬೆಹಾಗ್ ಅಂತ ಕರೆದ್ಲು. ಇಲ್ಲೇ ಇದೀನಿ ಅಮ್ಮ ಅಂತ ಕೈ ಹಿಡ್ಕೊಂಡೆ. ಕೈ ಬಿಡಿಸ್ಕೊಂಡು, ನೀನಲ್ಲ ಅಂದ್ಲು."

ಡೋಲಿನಾ ಮಗುವನ್ನು ಭುಜದಿಂದ ಮಡಿಲಿಗೆ ಇಳಿಸಿಕೊಂಡಳು.

"ನಲವತ್ತಮೂರು ವರ್ಷ ಆಗಿತ್ತು ನಂಗೆ. ಅಷ್ಟೊತ್ತಿಗೂ ನಾನಾಗಿರಲಿಲ್ಲ."

ಮಗು ತೇಗಿತು. ಡೋಲಿನಾ ಅದರ ಬಾಯಿ ಒರೆಸಿ, ಮತ್ತೆ ಮತ್ತೆ ಒರೆಸಿ, ಕೊನೆಗೆ ಬಟ್ಟೆಯನ್ನು ಮುದ್ದೆ ಮಾಡಿ ತನ್ನ ಕಣ್ಣಿಗೆ ಒತ್ತಿಕೊಂಡಳು.

"ಈ ಹೆಸರು ಇವಳಿಗಿಟ್ರೆ ಅದು ಮನೇಲೇ ಇರುತ್ತೆ ಅಂದ್ಕೊಂಡೆ ಅಮ್ಮ. ಕಲ್ಲಿಗೆ ಕೊಟ್ಟುಬಿಟ್ರೆ ಮುಗೀತಲ್ಲ."

"ಮುಗಿದು ಎರಡು ವರ್ಷ ಆಯ್ತು ಮಗಳೇ."

ಅಷ್ಟು ಒರಟಾಗಿ ಹೇಳಬಾರದಿತ್ತು. ಆದರೆ ಮೆತ್ತಗೆ ಹೇಳುವ ಬೇರೆ ದಾರಿ ನನಗೆ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ. ಅವಳು ಆ ದಿನವೆಲ್ಲ ನನ್ನೊಂದಿಗೆ ಮಾತಾಡಲಿಲ್ಲ. ಆಲೂಗಡ್ಡೆ, ಉಪ್ಪು ಹಾಕಿದ ಹೆರಿಂಗ್ ಮೀನು ಬೇಯಿಸಿಟ್ಟೆ. ಟಾರ್ಮೋಡ್ ಮತ್ತು ನಾನು ಎದುರುಬದುರು ಕೂತು, ತಟ್ಟೆ ನೋಡಿಕೊಂಡು ತಿಂದೆವು.

ಮರುದಿನ ತಿಂಡಿ ಮುಗಿದ ಮೇಲೆ ಡೋಲಿನಾ ಬೂಟು ಹಾಕಿಕೊಂಡಳು. ಸ್ಮಶಾನಕ್ಕೆ ಹೋಗಬೇಕು, ನೀನೂ ಬಾ ಎಂದಳು. ಟಾರ್ಮೋಡ್ ಕಾರು ತೆಗೆದ. ಮಗುವನ್ನು ನನ್ನ ಮಡಿಲಲ್ಲಿ ಮಲಗಿಸಿಕೊಂಡೆ. ಗೇಟಿನಿಂದ ಆಚೆಗೆ ಮರಳು, ಗಿಡ್ಡ ಹುಲ್ಲು, ಮೊಲ ತೋಡಿದ ಗುಂಡಿಗಳು. ಗಾಳಿಗೆ ಕಣ್ಣಲ್ಲಿ ನೀರು ತಾನಾಗಿಯೇ ಬರುವ ಜಾಗ ಅದು, ಯಾರೂ ಅತ್ತಂತೆ ಕಾಣುವುದಿಲ್ಲ. ನಮ್ಮ ಮೂವರಲ್ಲಿ ಜಾಗ ಗೊತ್ತಿದ್ದದ್ದು ಟಾರ್ಮೋಡ್‌ಗೆ ಒಬ್ಬನಿಗೇ. ಮುಂದೆ ನಡೆದ.

ಕಲ್ಲು ಇಲ್ಲದ ಆ ಸಣ್ಣ ಜಾಗದ ಸುತ್ತ ಬಿಳಿಯ ಬೆಣಚುಕಲ್ಲುಗಳ ಸಾಲಿತ್ತು. ಕಡಲತಡಿಯಿಂದ ಆರಿಸಿ ತಂದವು, ಒಂದೇ ಗಾತ್ರದವು, ನೂರರ ಮೇಲಿದ್ದಿರಬೇಕು. ಡೋಲಿನಾ ಅವನ್ನು ನೋಡಿ ಗಂಡನ ಮುಖ ನೋಡಿದಳು. ಶನಿವಾರ ಶನಿವಾರ ಬರುತ್ತಿದ್ದೆ ಎಂದ. ನಿನಗೆ ಹೇಳಿದರೆ ನೋವಾಗುತ್ತದೆ ಎಂದು ಹೇಳಲಿಲ್ಲ ಎಂದ. ಎರಡು ವರ್ಷ ಅವನು ಶನಿವಾರ ಕುರಿ ನೋಡಲು ಹೋಗುತ್ತೇನೆ ಎನ್ನುತ್ತಿದ್ದ. ನಾನು ಅವನನ್ನು ಭಾವನೆಯೇ ಇಲ್ಲದ ಮರದ ಕೊರಡು ಎಂದು ಬೈದುಕೊಂಡದ್ದಕ್ಕೆ ನನಗೇ ನಾಚಿಕೆಯಾಯಿತು.

ಡೋಲಿನಾ ಮೊಣಕಾಲೂರಿ ಕೂತಳು. ಮರಳಿನ ಮೇಲೆ ಅಂಗೈ ಇಟ್ಟು, ಕೆಳಗೆ ನೋಡುತ್ತಾ, ಬೆಹಾಗ್ ಎಂದಳು. ಮತ್ತೊಮ್ಮೆ ಎಂದಳು. ಆಮೇಲೆ ಬಾಯಿ ತೆರೆದು ಅತ್ತಳು, ಎರಡು ವರ್ಷದ ಅಳು. ಟಾರ್ಮೋಡ್ ಅವಳ ಪಕ್ಕ ಕೂತ. ನಾನು ಮಗುವನ್ನು ಕೋಟಿನ ಒಳಗೆ ಸೇರಿಸಿಕೊಂಡು ಗಾಳಿಗೆ ಬೆನ್ನು ಕೊಟ್ಟು ನಿಂತೆ.

ಎಷ್ಟೋ ಹೊತ್ತಿನ ಮೇಲೆ ಅವಳು ಎದ್ದು ಬಂದು ನನ್ನ ಪಕ್ಕ ನಿಂತಳು. ಮೂಗು ಕೆಂಪಾಗಿತ್ತು, ಮುಖ ಮಾತ್ರ ಎಷ್ಟೋ ದಿನದ ಮೇಲೆ ಅವಳದೇ ಮುಖವಾಗಿತ್ತು.

"ಹೆಸರು ಅವಳದೇ ಅಮ್ಮ. ಅವಳಿಗೇ ಇರಲಿ. ಕಲ್ಲಿಗೆ ಬರೆಸ್ತೀನಿ."

"ಹೂಂ."

"ನಿಂಗೆ ಯಾವ ಹೆಸರು ಇಷ್ಟ ಇತ್ತು? ನಿಂಗೇ ಬೇರೆ ಹೆಸರು ಇಡೋ ಹಾಗಿದ್ದಿದ್ರೆ."

ಅರವತ್ತೈದು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಯೋಚಿಸಿದೆ, ಏನೂ ಹೊಳೆಯಲಿಲ್ಲ. ಗೊತ್ತಿಲ್ಲ ಎಂದೆ. ಕಣ್ಣಲ್ಲಿ ನೀರು ಇಳಿಯಿತು. ಅಳುವವಳಲ್ಲ ನಾನು, ಗಾಳಿ ಎಂದುಕೊಳ್ಳಲಿ ಎಂದು ಬಿಟ್ಟೆ.

"ಹಾಗಾದ್ರೆ ಇವಳಿಗೆ ನೀನೇ ಇಡು," ಎಂದಳು.

ಮಗುವಿನ ಮುಖ ನೋಡಿದೆ. ಕೋಟಿನ ಒಳಗೆ ಬೆಚ್ಚಗೆ ಮಲಗಿತ್ತು, ಯಾರ ಥರವೂ ಇರಲಿಲ್ಲ. ನಮ್ಮ ಮನೆತನದ ಹೆಸರುಗಳೆಲ್ಲ ಒಂದೊಂದಾಗಿ ತಲೆಯಲ್ಲಿ ಬಂದವು. ಒಂದೊಂದರ ಹಿಂದೆಯೂ ಒಂದು ಕಲ್ಲಿತ್ತು, ಇಲ್ಲವೇ ಕಡಲಿತ್ತು. ಎಲ್ಲವನ್ನೂ ಕಳಿಸಿಬಿಟ್ಟೆ.

"ಏಲಿ," ಎಂದೆ.

ಡೋಲಿನಾ ಕಣ್ಣು ಕಿರಿದು ಮಾಡಿ ನೋಡಿದಳು. "ನೀನೇ ಆಡ್ಕೋತಿದ್ಯಲ್ಲಮ್ಮ, ಊರಿಗೆಲ್ಲ ಒಂದೇ ಹೆಸರು ಅಂತ."

"ಊರಿಗೆಲ್ಲ ಇರೋದು ಹೌದು. ಆದ್ರೆ ನಮ್ಮನೇಲಿ ಯಾರೂ ಅದನ್ನ ಇಟ್ಕೊಂಡು ಸತ್ತಿಲ್ಲ."

ಇಪ್ಪತ್ತನೆಯ ದಿನ ಪಟ್ಟಣಕ್ಕೆ ಹೋಗಿ ಬರೆಸಿದೆವು. ಕಚೇರಿಯಲ್ಲಿದ್ದ ಹುಡುಗಿ ದ್ವೀಪದವಳಲ್ಲ, ಕಡಲಾಚೆಯವಳು, ಈ ತಿಂಗಳು ಇದು ಆರನೇ ಏಲಿ ಎಂದು ನಕ್ಕಳು, ಬೇಕಾದರೆ ಯೋಚಿಸಲು ಇನ್ನೂ ಒಂದು ದಿನವಿದೆ ಎಂದಳು. ಬೇಡ, ನಾವು ಬಹಳ ಯೋಚಿಸಿದ್ದೇವೆ ಎಂದೆ. ಅದೇ ಮಧ್ಯಾಹ್ನ ಡೋಲಿನಾ ಗಡಿಯಾರದ ಹಿಂದಿನ ಪತ್ರಗಳನ್ನು ತೆಗೆದು ಕಲ್ಲುಕುಟಿಗನಿಗೆ ತಾನೇ ಉತ್ತರ ಬರೆದಳು. ಮರ್ಡೀನಾ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಹಳದಿ ಉಣ್ಣೆಯ ಟೊಪ್ಪಿ ಹೆಣೆದು ತಂದು, ಸೂರ್ಯ ಅಂತೀರಲ್ಲ, ಅದಕ್ಕೇ ಈ ಬಣ್ಣ ಎಂದಳು. ಊರವರು ಆಡಿಕೊಂಡರು. ಅಜ್ಜಿಯ ಹೆಸರನ್ನು ಮಣ್ಣುಪಾಲು ಮಾಡಿದರು ಎಂದರಂತೆ. ನಾನು ನನ್ನ ಮಗ್ಗಕ್ಕೆ ಮರಳಿದೆ. ಅವರು ಹೇಳಿದ್ದು ಸರಿಯೇ ಇತ್ತು. ರಾತ್ರಿ ಮಾತ್ರ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಎರಡು ತಿಂಗಳಾದ ಮೇಲೆ ಮಗುವಿಗೆ ಚುಚ್ಚುಮದ್ದು ಹಾಕಿಸಲು ಡೋಲಿನಾ ಜೊತೆಗೆ ನಾನೂ ಹೋದೆ. ಕಾಯುವ ಕೋಣೆಯಲ್ಲಿ ಎಂಟು ತಾಯಂದಿರು, ಎಂಟು ಕೂಸುಗಳು. ನರ್ಸ್ ಬಾಗಿಲು ತೆರೆದು ಏಲಿ ಎಂದು ಕರೆದಳು. ಬೇರೆ ಮೂವರು ತಾಯಂದಿರು ಒಟ್ಟಿಗೆ ತಲೆ ಎತ್ತಿ ಬಾಗಿಲ ಕಡೆ ನೋಡಿ, ಒಬ್ಬರನ್ನೊಬ್ಬರು ನೋಡಿ ನಕ್ಕರು. ನರ್ಸ್ ಕೈಯಲ್ಲಿದ್ದ ಕಾಗದ ನೋಡಿಕೊಂಡು, ಟಾರ್ಮೋಡ್‌ನ ಏಲಿ ಎಂದು ಮತ್ತೆ ಕರೆದಳು.

ನನ್ನ ಕಣ್ಣು ಡೋಲಿನಾಳ ಮೇಲಿತ್ತು. ಆಯುಷ್ಯವಿಡೀ ಕಾದ ಅಭ್ಯಾಸ, ಬಿಡುವುದಿಲ್ಲ. ಅವಳು ಮೊದಲ ಸಲವೂ ಬಾಗಿಲ ಕಡೆ ನೋಡಿರಲಿಲ್ಲ. ಎರಡನೆಯ ಸಲವೂ ನೋಡಲಿಲ್ಲ. ಹೆಸರು ಕಿವಿಗೆ ಬಿದ್ದೊಡನೆ ತಲೆ ತಗ್ಗಿಸಿ ಮಡಿಲ ಮಗುವಿನ ಮುಖ ನೋಡಿ, ನಿನ್ನನ್ನೇ ಕಣೇ ಕರೀತಿರೋದು ಎಂದು ಅದಕ್ಕೆ ಹೇಳಿ, ಎದ್ದು ಒಳಗೆ ಹೋದಳು.